ಮುಟ್ಟಬಾರದ ಕಟ್ಟಿಗೆ

ಜೂನ್ 3, ಮಂಗಳವಾರ

ಇವತ್ತು ಕರೆಂಟಿನವರು ಬಂದು ನಮ್ಮ ಬೇವಿನ ಗಿಡದ ಮರ್ಯಾದೆ ತೆಗೆದು ಹೋದರು.

ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯುವುದು ಪ್ರತಿವರ್ಷದ ಕೆಲಸ. ಅದಕ್ಕೆ ನನ್ನ ತಕರಾರಿಲ್ಲ. ಕಂಡಕ್ಟರನಾಗಿ ನಿವೃತ್ತನಾದವನು ನಾನು, ಸರಕಾರದ ಕೆಲಸಕ್ಕೆ ಅಡ್ಡ ಬರುವ ಪೈಕಿ ಅಲ್ಲ. ಆದರೆ ಕಡಿಯುವುದಕ್ಕೂ ಒಂದು ರೀತಿ ಇದೆ. ಹಗ್ಗ ಕಟ್ಟಬೇಕು, ಕೆಳಗಿನವರನ್ನು ಸರಿಸಬೇಕು, ನಿಧಾನಕ್ಕೆ ಇಳಿಸಬೇಕು. ಇವತ್ತು ಬಂದವರು ಗುತ್ತಿಗೆದಾರನ ಆಳುಗಳು. ಮೇಲೆ ಹತ್ತಿದವನು ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದ. ನಾನು ಒಳಗೆ ಓಡಿ ಸೀಟಿ ತಂದು ಊದಿದೆ. ನಿವೃತ್ತಿಯ ದಿನ ಡಿಪೋದವರು ಅದನ್ನು ವಾಪಸು ಕೇಳಲಿಲ್ಲ, ನಾನೂ ಕೊಡಲಿಲ್ಲ. ಒಂದು ಸೀಟಿ ಊದಿದರೆ ನಿಲ್ಲಿಸು ಅಂತ ಅರ್ಥ, ಎತ್ತುಗಳಿಗೂ ಗೊತ್ತಿರುವ ವಿಷಯ. ಅವನು ಕೇಳಲಿಲ್ಲ. ಇದ್ದುದರಲ್ಲೇ ದೊಡ್ಡ ಕೊಂಬೆ ಬಂದು ನನ್ನ ಹೆಂಡತಿ ಹಂಪವ್ವನ ರೊಟ್ಟಿ ಶೆಡ್ಡಿನ ಮೇಲೆ ಕುಳಿತುಬಿಟ್ಟಿತು. ತಗಡು ಮಡಚಿಕೊಂಡಿತು, ಕಂಬ ಮುರಿಯಿತು, ಒಲೆ ನೆಲಸಮವಾಯಿತು, ರೊಟ್ಟಿ ಬೇಯಿಸುವ ಹಂಚು ಸೀಳಿತು. ಹಂಪವ್ವ ಆಗಷ್ಟೇ ಹಿಟ್ಟು ತರಲು ಒಳಗೆ ಹೋಗಿದ್ದಳು. ಇಲ್ಲದಿದ್ದರೆ ಏನಾಗುತ್ತಿತ್ತೋ, ಅದನ್ನು ಬರೆಯಲು ಕೈ ಏಳುತ್ತಿಲ್ಲ.

ಅಷ್ಟು ಸಾಲದು ಅಂತ ಉಳಿದ ಕೊಂಬೆಗಳನ್ನೆಲ್ಲ ಎಳೆದು ತಂದು ನಮ್ಮ ಗೇಟಿನ ಪಕ್ಕಕ್ಕೆ, ಶೆಡ್ಡಿನ ಮೇಲೆಯೇ ಗುಡ್ಡೆ ಹಾಕಿದರು. ಲೈನ್‌ಮನ್ ಹನಮೇಶ ಬೈಕಿನ ಮೇಲೆ ಕೂತು ಉಸ್ತುವಾರಿ ಮಾಡುತ್ತಿದ್ದ. ಅವನನ್ನು ಹಿಡಿದೆ.

"ಇದನ್ನ ಯಾರು ಒಯ್ಯಬೇಕು?"

"ಯಜಮಾನ್ರ, ಗಿಡ ಯಾರದ್ರಿ?"

"ನಂದು."

"ಹಂಗಾರ ಕಸಾನೂ ನಿಮ್ಮದ ಅಲ್ಲೇನ್ರಿ?"

ಎಂಥ ನ್ಯಾಯ! ಬೈಕು ಹತ್ತಿ ಹೋಗಿಯೇಬಿಟ್ಟ.

ಪಕ್ಕದ ಮನೆಯ ಹುಸೇನಬೀ ಗೋಡೆಯ ಮೇಲಿಂದ ಇಣುಕಿ, "ಅಣ್ಣಾ, ಯಾರಿಗೂ ಪೆಟ್ಟು ಹತ್ತಿಲ್ಲಲ್ರಿ?" ಎಂದಳು. ನಾನು ಬೆನ್ನು ತಿರುಗಿಸಿದೆ. ಒಳಗೊಳಗೆ ನಗುತ್ತಿದ್ದಿರಬೇಕು. ಈ ಗಿಡದ ಎಲೆ ಅವಳ ಅಂಗಳಕ್ಕೆ ಬೀಳುತ್ತದೆಂದು, ಒಣಹಾಕಿದ ಶಾವಿಗೆಯಲ್ಲಿ ಸೇರುತ್ತದೆಂದು ಹಿಂದೆ ನನ್ನ ಹತ್ತಿರ ತಕರಾರು ತಂದಿದ್ದಳು. "ಗಿಡ ನಂದು, ಎಲಿ ಗಾಳಿದು. ಗಾಳಿಗೆ ಹೋಗಿ ಹೇಳವಾ" ಎಂದು ಕಳಿಸಿದ್ದೆ. ಅವತ್ತಿನಿಂದ ನಾನು ಅವಳೊಡನೆ ಮಾತಾಡಿಲ್ಲ.

ಜೂನ್ 4, ಬುಧವಾರ

ಬೆಳಿಗ್ಗೆಯೇ ಕರೆಂಟ್ ಆಫೀಸಿಗೆ ಹೋದೆ. ಸಾಹೇಬರು ಇರಲಿಲ್ಲ. ಟೇಬಲ್ಲಿನ ಹಿಂದೆ ಕೂತಿದ್ದವನು ನನ್ನ ಮಾತು ಪೂರ್ತಿ ಕೇಳಿದ. ಈಗಿನ ಕಾಲದಲ್ಲಿ ಅದೇ ದೊಡ್ಡದು.

"ಸಾಹೇಬ್ರು ಸ್ಥಳಕ್ಕ ಬಂದು ನೋಡ್ತಾರ್ರಿ. ಅಲ್ಲೀತನಕ ಒಂದು ಕಡ್ಡೀನೂ ಮುಟ್ಟಬ್ಯಾಡ್ರಿ. ಮುಟ್ಟಿದ್ರಂದ್ರ, ನೀವ ಕಡಿದು ನೀವ ಕೆಡವಿಕೊಂಡೀರಿ ಅಂತಾರ."

ಇದು ಕಾನೂನಿನ ಮಾತು, ನನಗೆ ತಕ್ಷಣ ಅರ್ಥವಾಯಿತು. ಬಸ್ಸಿಗೆ ಅಪಘಾತವಾದರೂ ಪಂಚನಾಮೆ ಆಗುವ ತನಕ ಗಾಡಿ ಕದಲಿಸುವಂತಿಲ್ಲ. ಮನೆಗೆ ಬಂದವನೇ ರಟ್ಟಿನ ಮೇಲೆ 'ಯಾರೂ ಮುಟ್ಟಬಾರದು' ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗುಡ್ಡೆಗೆ ಸಿಕ್ಕಿಸಿದೆ. ಸುತ್ತ ಕಟ್ಟಲು ಹಗ್ಗ ಸಿಗಲಿಲ್ಲ. ಹಂಪವ್ವನ ಹಳೆಯ ಹಸಿರು ಸೀರೆ ಟ್ರಂಕಿನಲ್ಲಿತ್ತು, ಅದನ್ನೇ ಉದ್ದಕ್ಕೆ ಹರಿದು ಕೊಂಬೆಯಿಂದ ಕೊಂಬೆಗೆ ಬಿಗಿದೆ. ದೂರದಿಂದ ಚೆನ್ನಾಗಿ ಕಾಣುತ್ತದೆ.

ಹಂಪವ್ವ ಬಾಗಿಲಲ್ಲಿ ನಿಂತು ನೋಡಿದಳು. "ದರ್ಗಾಕ್ಕ ಕಟ್ಟಿದಂಗ ಹಸರು ಬಟ್ಟಿ ಕಟ್ಟೀರಿ. ಇನ್ನ ಊದಿನ ಹೊಗಿ ಒಂದು ಹಾಕಿಬಿಡ್ರಿ, ಮುಗೀತು."

ಹೆಂಗಸರಿಗೆ ಸಾಕ್ಷಿಯ ಮಹತ್ವ ತಿಳಿಯುವುದಿಲ್ಲ.

ಜೂನ್ 5, ಗುರುವಾರ

ಇವತ್ತು ನಮ್ಮಿಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು.

"ಶೆಡ್ ಯಾವಾಗ ಎಬ್ಬಸ್ತೀರಿ? ಕುಷ್ಟಗಿ ಖಾನಾವಳಿಯವರು ದಿನಾ ರೊಟ್ಟಿ ಕೇಳ್ತಾರ. ಎರಡು ದಿನ ತಪ್ಪಿದ್ರ ಬ್ಯಾರೆಯವರನ್ನ ಹಿಡೀತಾರ."

"ಸಾಹೇಬರು ಬರೂತನಕ ತಡಿ."

"ಸಾಹೇಬ್ರು ಬಂದು ರೊಟ್ಟಿ ಬಡೀತಾರೇನು?"

ಈ ಶೆಡ್ಡು ಅವಳೇ ಕಟ್ಟಿಸಿಕೊಂಡದ್ದು. ಅದರಿಂದ ನನ್ನ ಪೆನ್ಶನ್ನಿಗೆ ಕೈಚಾಚದೆ ಬದುಕುತ್ತೇನೆ ಎಂಬ ಜಂಬ ಅವಳಿಗಿದೆ, ಇರಲಿ. ಆದರೆ ಜಂಬಕ್ಕಾಗಿ ಪಂಚನಾಮೆ ಕೆಡಿಸಲಿಕ್ಕೆ ಆಗುತ್ತದೆಯೇ? ಹಾಗಂತ ಹೇಳಿದೆ. ಅವಳು ಹಿಟ್ಟಿನ ಡಬ್ಬಿ ತಲೆಯ ಮೇಲೆ, ಮಣೆ ಕಂಕುಳಲ್ಲಿ ಇಟ್ಟುಕೊಂಡು ಗೇಟು ದಾಟಿ ಸೀದಾ ಹುಸೇನಬೀ ಮನೆಗೆ ಹೋದಳು.

ಹೋಗುವಾಗ, "ನೀವು ನಿಮ್ಮ ಸಾಕ್ಷಿ ಕಾಯ್ಕೋಂತ ಕುಂದರ್ರಿ" ಎಂದಳು.

ಮಧ್ಯಾಹ್ನ ಊಟ ತಡವಾಯಿತು.

ಜೂನ್ 6, ಶುಕ್ರವಾರ

ಅಬ್ದುಲಸಾಬ, ಅಂದರೆ ಹುಸೇನಬೀಯ ಗಂಡ, ಬಕ್ರೀದಿಗೆಂದು ತಂದ ಆಡು ಕಣ್ಣಿ ಕಿತ್ತುಕೊಂಡು ಬಂದು ನನ್ನ ಗುಡ್ಡೆಯ ಎಲೆಯನ್ನೆಲ್ಲ ಮೇಯ್ದುಬಿಟ್ಟಿದೆ. ನಾನು ಸ್ನಾನಕ್ಕೆ ಹೋಗಿದ್ದಾಗ ಸಮಯ ಸಾಧಿಸಿದೆ. ರಟ್ಟಿನ ಬೋರ್ಡಿನ ಒಂದು ಮೂಲೆಯನ್ನೂ ಬಿಟ್ಟಿಲ್ಲ. ಈಗ 'ಯಾರೂ ಮುಟ್ಟಬಾ' ಅಷ್ಟೇ ಉಳಿದಿದೆ.

ಸೀಟಿ ಊದಿದೆ. ಆಡು ನಿಂತಿತು. ಆ ಗುತ್ತಿಗೆದಾರನ ಆಳಿಗಿಂತ ಇದೇ ವಾಸಿ.

ಅಬ್ದುಲಸಾಬ ಓಡಿಬಂದು ಕೈಮುಗಿದ. "ತಪ್ಪಾತು ಲಕ್ಷ್ಮಣಪ್ಪಣ್ಣ, ಮೂಕ ಜೀವ ನೋಡ್ರಿ." ಸಾಕ್ಷಿ ನಾಶ ಸಣ್ಣ ಅಪರಾಧವಲ್ಲ ಎಂದು ತಿಳಿಸಿ ಹೇಳಿದೆ. ನಾಳೆ ಹಬ್ಬ, ಆರೋಪಿಯೇ ಇರುವುದಿಲ್ಲ. ಕೇಸು ಯಾರ ಮೇಲೆ ಹಾಕುವುದು?

ಜೂನ್ 8, ಭಾನುವಾರ

ನಿನ್ನೆ ಹಂಪವ್ವ ಮಸಾಲೆ ಅನ್ನ ಬಡಿಸಿದಳು. ಒಳ್ಳೆಯ ಮೆತ್ತನೆಯ ಮಾಂಸ. ಇನ್ನೊಂದು ಸಲ ಹಾಕಿಸಿಕೊಂಡೆ. ತಿಂದು ಕೈತೊಳೆದ ಮೇಲೆ ಅದು ಪಕ್ಕದ ಮನೆಯಿಂದ ಬಂದದ್ದೆಂದು ಹೇಳಿದಳು.

ಅಂದರೆ ನನ್ನ ಸಾಕ್ಷಿ ತಿಂದ ಆಡನ್ನು ನಾನು ತಿಂದೆ. ಸಾಹೇಬರು ಬಂದು ಎಲೆ ಎಲ್ಲಿ ಎಂದು ಕೇಳಿದರೆ ಏನು ತೋರಿಸಲಿ?

ರುಚಿಯಾಗಿತ್ತು, ಸುಳ್ಳು ಹೇಳಬಾರದು.

ಜೂನ್ 11, ಬುಧವಾರ

ಕಾರಹುಣ್ಣಿಮೆ. ಓಣಿಯ ಎತ್ತುಗಳೆಲ್ಲ ಬಣ್ಣ ಹಚ್ಚಿಸಿಕೊಂಡು ಹೋದವು. ನನ್ನ ಗುಡ್ಡೆ ದಾರಿಗೆ ಚಾಚಿಕೊಂಡಿರುವುದರಿಂದ ಒಂದೊಂದೇ ಸರಿದು ಹೋಗಬೇಕಾಯಿತು. ನಾನೇ ನಿಂತು "ಮುಂದಕ್ಕ ನಡೀರಿ, ಮುಂದಕ್ಕ ನಡೀರಿ" ಎಂದು ದಾರಿ ಬಿಡಿಸಿದೆ. ಬಹಳ ದಿನದ ಮೇಲೆ ಗಂಟಲಿಗೆ ಕೆಲಸ ಸಿಕ್ಕಿತು.

ಸಾಹೇಬರು ಬರಲಿಲ್ಲ.

ಜೂನ್ 17, ಮಂಗಳವಾರ

ಮತ್ತೆ ಆಫೀಸಿಗೆ ಹೋಗಿದ್ದೆ. ಸಾಹೇಬರು ಮೀಟಿಂಗಿಗೆ ಕೊಪ್ಪಳಕ್ಕೆ ಹೋಗಿದ್ದಾರೆ. ಹೋದವಾರ ಯಲಬುರ್ಗಾಕ್ಕೆ ಹೋಗಿದ್ದರು. ಇಷ್ಟು ಓಡಾಡುವವರಿಗೆ ಪಾಸು ಮಾಡಿಸಿಕೊಡುವುದು ಒಳ್ಳೆಯದು.

ಒಂದು ಮಾತು ಇಲ್ಲಿ ಬರೆದಿಡುತ್ತೇನೆ, ಯಾರೂ ಓದುವುದಿಲ್ಲವಲ್ಲ. ಮುಂಚೆ ಬೆಳಗಾಗುವುದರೊಳಗೆ ಶೆಡ್ಡಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅದಕ್ಕೇ ಎಚ್ಚರವಾಗುತ್ತಿತ್ತು. ಈಗ ಆ ಸಪ್ಪಳ ಗೋಡೆಯ ಆಚೆಯಿಂದ ಬರುತ್ತದೆ, ಜೊತೆಗೆ ಇಬ್ಬರು ಹೆಂಗಸರ ನಗುವೂ ಬರುತ್ತದೆ. ಏನು ಮಾತಾಡುತ್ತಾರೋ ಕೇಳಿಸುವುದಿಲ್ಲ. ನನಗೆ ಬಹಳ ಬೇಸರವಾಗುತ್ತದೆ. ಹಂಪವ್ವ ನನ್ನ ಜೊತೆ ಅಷ್ಟು ನಕ್ಕದ್ದು ನೆನಪಿಲ್ಲ.

ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಸಾಕ್ಷಿ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಜೂನ್ 22, ಭಾನುವಾರ

ಸಾಹೇಬರು ಇವತ್ತೂ ಬರಲಿಲ್ಲ.

ಜೂನ್ 27, ಶುಕ್ರವಾರ

ನಿನ್ನೆ ಮೊಹರಂ ಚಂದ್ರ ಕಂಡನಂತೆ. ಮಸೀದಿಯ ಮುಂದೆ ಅಲಾಯಿ ಕುಣಿಗೆ, ಅಂದರೆ ಹಬ್ಬದ ಬೆಂಕಿಯ ಗುಂಡಿಗೆ, ಗುದ್ದಲಿ ಹಾಕಿದ್ದಾರೆ. ಇನ್ನು ಹಬ್ಬ ಮುಗಿಯುವ ತನಕ ಓಣಿಯಲ್ಲಿ ಹಲಗೆಯ ಸದ್ದು. ಅಬ್ದುಲಸಾಬನೇ ಅಲ್ಲಿನ ಮುಜಾವರ, ಅಲಾಯಿ ದೇವರ ಪೂಜೆ, ಕುಣಿಯ ಬೆಂಕಿ ಎಲ್ಲ ಅವನ ಉಸ್ತುವಾರಿ. ಊರಿನ ಎಲ್ಲ ಜಾತಿಯವರೂ ಹರಕೆ ಹೊತ್ತು ಕುಣಿಗೆ ಕಟ್ಟಿಗೆ ಕೊಡುತ್ತಾರೆ. ನಾನು ಡ್ಯೂಟಿಯಲ್ಲಿದ್ದಾಗ ಈ ಹಬ್ಬ ನೋಡಿದ್ದೇ ಕಡಿಮೆ. ಬಸ್ಸು ತುಂಬುತ್ತಿತ್ತು, ಅಷ್ಟೇ ಗೊತ್ತು.

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಗುಡ್ಡೆಯ ಮೇಲೆ ಒಂದು ಹೊರೆ ಜಾಲಿ ಕಟ್ಟಿಗೆ ಬಿದ್ದಿದೆ. ಮೇಲೆ ಚಿಟಿಕೆ ಸಕ್ಕರೆ. ಇರುವೆ ಸಾಲುಗಟ್ಟಿವೆ. ಯಾರೋ ತಮ್ಮ ಕಸವನ್ನೂ ನನ್ನ ಮೇಲೆ ಹೊರಿಸುತ್ತಿದ್ದಾರೆ. ಇನ್ನು ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ.

ಜೂನ್ 28, ಶನಿವಾರ

ಕಳ್ಳಿ ಸಿಕ್ಕಳು. ತರಕಾರಿ ಮಾರುವ ಶಂಕ್ರಮ್ಮ. ತಲೆಯ ಮೇಲೆ ಕಟ್ಟಿಗೆ, ಕೈಯಲ್ಲಿ ಸಕ್ಕರೆ ಪೊಟ್ಟಣ. ಗುಡ್ಡೆಯ ಮೇಲೆ ಕಟ್ಟಿಗೆ ಇಟ್ಟು, ಸಕ್ಕರೆ ಹಾಕಿ, ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ನನ್ನ ಕಡೆಗೂ ತಿರುಗಿ ಕೈಮುಗಿದಳು.

"ಏನಬೇ ಇದು?"

"ನಮ್ಮ ಎಮ್ಮಿ ಈಯೂದು ಐತಿ ಯಪ್ಪಾ. ಹೋದಸಲ ಕರ ಸತ್ತಿತ್ತು. ಈ ಸಲ ಸುಸೂತ್ರ ಆಗ್ಲಿ ಅಂತ ದೇವರಿಗೆ ಬೇಡ್ಕೊಂಡೀನಿ."

"ದೇವರ ಕುಣಿ ಮಸೀದಿ ಮುಂದ ಐತಿ. ಇಲ್ಯಾಕ ಹಾಕ್ತಿ?"

"ಇದು ದೇವರ ಕಟ್ಟಿಗಿ ಅಲ್ಲೇನು? ಹಸರು ಕಟ್ಟೀರಿ. ಮುಟ್ಟಬ್ಯಾಡ್ರಿ ಅಂತ ಬರದೀರಿ. ತಿಂಗಳಿಂದ ಬಿಸಲಾಗ ಕುಂತು ಕಾಯಾಕತ್ತೀರಿ. ಇಂಥ ಭಕ್ತಿ ನಾ ಎಲ್ಲೂ ನೋಡಿಲ್ಲ ಬಿಡಪ್ಪ."

ನಾನು ಬಾಯಿ ತೆಗೆಯುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತ ಹೋದಳು. ಇದು ಕರೆಂಟ್ ಆಫೀಸಿನ ವ್ಯವಹಾರ ಎಂದು ಕೂಗಿ ಹೇಳಿದೆ. ಹಲಗೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ಜೂನ್ 30, ಸೋಮವಾರ

ಎಮ್ಮೆ ಈದಿದೆ. ಹೆಣ್ಣು ಕರು, ಗಟ್ಟಿಮುಟ್ಟಾಗಿದೆಯಂತೆ.

ಶಂಕ್ರಮ್ಮ ಗಿಣ್ಣ ತಂದುಕೊಟ್ಟಳು, ಏಲಕ್ಕಿ ಹಾಕಿ ಮಾಡಿದ್ದು. "ಮೊದಲ ದೇವರಿಗೆ, ಆಮ್ಯಾಲ ನಿಮಗ" ಎಂದಳು. ನಾನು ಎಮ್ಮೆಗೂ ನನಗೂ ಸಂಬಂಧವಿಲ್ಲವೆಂದು ಹೇಳಿ ನೋಡಿದೆ. ಗಿಣ್ಣ ಬಿಸಿಯಿತ್ತು, ಹೆಚ್ಚು ವಾದಿಸಲಿಲ್ಲ.

ಸಾಯಂಕಾಲದ ಹೊತ್ತಿಗೆ ಸುದ್ದಿ ಊರೆಲ್ಲ ಆಗಿದೆ. ಹನುಮಸಾಗರದ ರಸ್ತೆಯಿಂದ ಒಬ್ಬ ಎತ್ತಿನ ಬಂಡಿಯಲ್ಲಿ ತೊಗರಿಕಟ್ಟಿಗೆ ತಂದು ಇಳಿಸಿದ. ನಾನು ಸೀಟಿ ಊದಿದೆ. ಅವನು ಅದನ್ನೂ ಪದ್ಧತಿಯೆಂದು ತಿಳಿದು ಎದೆಗೆ ಕೈಹಚ್ಚಿಕೊಂಡ.

ಜುಲೈ 1, ಮಂಗಳವಾರ

ಇದು ಅತಿಯಾಯಿತೆಂದು ಅಬ್ದುಲಸಾಬನ ಹತ್ತಿರ ಹೋದೆ. ಅವನ ಮನೆಯ ಹೊಸ್ತಿಲು ತುಳಿದದ್ದು ಇದೇ ಮೊದಲು. ಅಂಗಳದಲ್ಲಿ ಹಂಪವ್ವ ರೊಟ್ಟಿ ಬಡಿಯುತ್ತಿದ್ದಳು, ಹುಸೇನಬೀ ಬೇಯಿಸುತ್ತಿದ್ದಳು. ಇಬ್ಬರೂ ನನ್ನನ್ನು ನೋಡಿ ಬಾಯಿಗೆ ಸೆರಗು ಹಚ್ಚಿದರು.

"ಅಬ್ದುಲಸಾಬ, ನಿನಗರ ಗೊತ್ತೈತಿ, ಅದು ಕರೆಂಟಿನವರ ಕಸ. ಜನಕ್ಕ ತಿಳಿಸಿ ಹೇಳು."

ಅವನು ಗಡ್ಡ ಕೆರೆದುಕೊಂಡ. "ಮೊದಲ ದಿನ ಹೇಳಿದ್ರ ನಡೀತಿತ್ರಿ ಅಣ್ಣ. ಈಗ ಹರಕಿ ಬಿದ್ದಾವ. ದೇವರ ಹೆಸರ್ಲೆ ಇಟ್ಟ ಕಟ್ಟಿಗಿ ಕುಣಿಗೆ ಹೋಗಬೇಕು. ಬ್ಯಾರೆ ಕಡೆ ಹೋಗಾಂಗಿಲ್ರಿ."

"ಅದರ ಬುಡಕ ನನ್ನ ಸಾಕ್ಷಿ ಐತಲ್ಲೋ!"

"ಇರ್ಲಿ ಬಿಡ್ರಿ. ದೇವರೂ ನೋಡ್ಯಾನಲ್ಲ."

ದೇವರ ಹೇಳಿಕೆಯನ್ನು ಆ ಆಫೀಸಿನಲ್ಲಿ ತೆಗೆದುಕೊಳ್ಳುತ್ತಾರೆಯೇ?

ಕೂರಲು ಹೇಳಿದರು, ಕೂತೆ. ಹುಸೇನಬೀ ಬಿಸಿ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ಅಂಗಳದ ತುಂಬ ನಮ್ಮ ಬೇವಿನ ಎಲೆ, ಹಣ್ಣು ಬಿದ್ದಿದ್ದವು. ಕರೆಂಟಿನವರು ತಂತಿಯ ಕಡೆಯದನ್ನಷ್ಟೇ ಕಡಿದಿದ್ದಾರೆ, ಈ ಕಡೆಯ ಕೊಂಬೆ ಹಾಗೇ ಇದೆ. ಹುಸೇನಬೀ ಒಂದು ಕೈಯಲ್ಲಿ ರೊಟ್ಟಿ ತಿರುವುತ್ತ, ಇನ್ನೊಂದರಲ್ಲಿ ಹಿಟ್ಟಿನ ಮೇಲೆ ಬಿದ್ದ ಎಲೆ ಆರಿಸುತ್ತಿದ್ದಳು. ಬಹಳ ಎಲೆ ಬೀಳುತ್ತವೆ. ಇಷ್ಟು ಬೀಳುತ್ತವೆಂದು ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ.

ಜುಲೈ 2, ಬುಧವಾರ

ಬೆಳಕು ಹರಿಯುವ ಹೊತ್ತಿಗೆ ಹುಸೇನಬೀ ಬಂದು ಗುಡ್ಡೆಯ ಮೇಲೆ ಮುರಿದ ಮಂಚದ ಕಾಲು ಒಂದನ್ನಿಟ್ಟು, ಕಣ್ಣುಮುಚ್ಚಿ ನಿಂತಳು. ಏನು ಹರಕೆ ಎಂದು ಕೇಳಿದೆ. ಅವಳೊಡನೆ ನಾನಾಗಿಯೇ ಮಾತಾಡಿದಂತಾಯಿತು, ಆದರೆ ಅದು ಬರೀ ವಿಚಾರಣೆ.

"ಹೇಳಬಾರದ್ರಿ ಅಣ್ಣಾ" ಎಂದು ಹೋದಳು.

ಮಧ್ಯಾಹ್ನ ಶಾಲೆ ಬಿಟ್ಟ ಹುಡುಗಿಯರು "ಕಂಡಕ್ಟರ್ ಕಾಕಾ, ದೇವರಿಗೆ ಎಷ್ಟು ಕಟ್ಟಿಗಿ ಆದ್ವು?" ಎಂದು ಕೇಳಿದರು. ಮುಂಚೆ ಈ ಹುಡುಗಿಯರು ನನ್ನನ್ನು ಕಂಡರೆ ಓಣಿಯ ಆಚೆ ಬದಿಯಿಂದ ಹೋಗುತ್ತಿದ್ದರು. ಈಗ ಗುಡ್ಡೆ ನೋಡಲೆಂದು ಈಚೆಯಿಂದ ಹೋಗುತ್ತಾರೆ, ಅದೇ ಕಾರಣ.

ಆಷಾಢದ ಗಾಳಿ ಜೋರು. ಕಟ್ಟಿಗೆ ಹಾರದಂತೆ ಇನ್ನೊಂದು ಸುತ್ತು ಬಿಗಿದೆ. ಹಂಪವ್ವ ತಾನಾಗಿಯೇ ಇನ್ನೊಂದು ಹಸಿರು ಸೀರೆ ಕೊಟ್ಟಳು, ಸ್ವಲ್ಪ ಹೊಸತೇ.

ಜುಲೈ 4, ಶುಕ್ರವಾರ

ಸಾಹೇಬರು ಬಂದರು!

ಜೀಪಿನಲ್ಲಿ ಸಾಹೇಬರು, ಹಿಂದೆ ಟ್ರ್ಯಾಕ್ಟರಿನಲ್ಲಿ ಗುತ್ತಿಗೆದಾರನ ಆಳುಗಳು, ಹೊಸ ತಗಡು, ಕಬ್ಬಿಣದ ಕಂಬ. ಬೈಕಿನಲ್ಲಿ ಹನಮೇಶ. ಸಾಹೇಬರು ಚಿಕ್ಕ ವಯಸ್ಸಿನವರು, ಮಾತು ಮೃದು.

"ಯಜಮಾನ್ರ, ತಡಾ ಆಗೇತಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ತಪ್ಪು ನಮ್ಮ ಕಡಿಯವರದ ಐತಿ. ಇವತ್ತ ಎಲ್ಲಾ ಕಸ ಒಯ್ದು, ಸಂಜಿಗೆ ನಿಮ್ಮ ಶೆಡ್ ಎಬ್ಬಿಸಿ ಕೊಡ್ತಾರ. ನಾಳಿಂದ ಈ ಗ್ಯಾಂಗು ಗಂಗಾವತಿ ಕಡೆ ಹೊಂಟೈತಿ, ಹಂಗಾಗಿ ಇವತ್ತ ಮುಗಿಸಿಬಿಡೋಣು."

ತಪ್ಪು ನಮ್ಮದು ಎಂದರು! ಈ ಒಂದು ಮಾತು ಕೇಳಲು ನಾನು ತಿಂಗಳಿನಿಂದ ಕೂತಿದ್ದೆ. ಓಣಿಯವರೆಲ್ಲ ಕೇಳಿಸಿಕೊಂಡರು. ನನಗೆ ಎಷ್ಟು ಸಂತೋಷವಾಯಿತೆಂದರೆ ಸಾಹೇಬರ ಕೈ ಹಿಡಿದು ಬಿಡಲೇ ಇಲ್ಲ.

ಅಷ್ಟರಲ್ಲಿ ಆಳುಗಳು ಗುಡ್ಡೆಗೆ ಕೈ ಹಾಕಿದರು. ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದವನೇ ಹಸಿರು ಬಟ್ಟೆಯ ಗಂಟು ಬಿಚ್ಚಲು ಹೋದ. ಶಂಕ್ರಮ್ಮ ತರಕಾರಿ ಬುಟ್ಟಿ ಇಳಿಸಿ ನಿಂತಿದ್ದಳು. ಹುಸೇನಬೀ ಬಾಗಿಲಲ್ಲಿದ್ದಳು, ಪಕ್ಕದಲ್ಲಿ ಹಂಪವ್ವ, ಕೈಯೆಲ್ಲ ಹಿಟ್ಟು. ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು. ಶೆಡ್ಡು ನನ್ನದು, ತಕರಾರು ನನ್ನದು, ಅವರು ಏನೆಂದಾರು?

ನಾನು ಯಾವಾಗ ಸೀಟಿ ಬಾಯಿಗಿಟ್ಟೆನೋ ಗೊತ್ತಿಲ್ಲ. ಒಂದೇ ಸಲ ಊದಿದೆ. ಈ ಸಾರಿ ಅವನು ನಿಂತ.

"ಕೈ ತಗೀ. ಅದು ದೇವರ ಕಟ್ಟಿಗಿ."

ಸಾಹೇಬರು ಗಾಬರಿಯಾದರು. "ನೀವ ಅಲ್ಲೇನ್ರಿ, ಕಸ ಒಯ್ರಿ ಅಂತ ನಾಕು ಸಲ ಆಫೀಸಿಗೆ ಬಂದವ್ರು?"

"ಆವಾಗ ಕಸ ಇತ್ರಿ ಸಾಹೇಬ್ರ. ಈಗ ಅಲ್ಲ. ಹಬ್ಬ ಮುಗದ ಮ್ಯಾಲ ಬರ್ರಿ."

"ಹಬ್ಬ ಮುಗದ ಮ್ಯಾಲ ಗ್ಯಾಂಗು ಇರೂದಿಲ್ರಿ. ಮುಂದ ಯಾವಾಗ ಬರ್ತಾರೋ, ನಾ ಮಾತು ಕೊಡಾಕ ಆಗೂದಿಲ್ಲ. ಶೆಡ್ ಬ್ಯಾಡೇನು ಹಂಗಾರ?"

ಬೇಕು. ಎಷ್ಟು ಬೇಕಿತ್ತೆಂದು ಅವರಿಗೇನು ಗೊತ್ತು? ಹಂಪವ್ವನ ಕಡೆ ನೋಡಲು ಧೈರ್ಯ ಬರಲಿಲ್ಲ. "ಬ್ಯಾಡ್ರಿ" ಎಂದೆ. ಟ್ರ್ಯಾಕ್ಟರು ತಗಡು, ಕಂಬಗಳ ಸಮೇತ ತಿರುಗಿತು. ಹನಮೇಶ ಹೋಗುವಾಗ ಬೈಕು ನಿಲ್ಲಿಸಿ, ಗುಡ್ಡೆಗೆ ನಮಸ್ಕಾರ ಮಾಡಿ ಹೋದ.

ತಿಂಗಳಿಡೀ ಕಾದದ್ದನ್ನು ಒಂದು ಸೀಟಿಯಲ್ಲಿ ಕಳೆದುಕೊಂಡೆ. ಕುರ್ಚಿಯಲ್ಲಿ ಕೂತೆ. ಇನ್ನು ಹಂಪವ್ವ ನನ್ನ ಮುಖ ನೋಡುವುದಿಲ್ಲವೆಂದು ಖಚಿತವಾಯಿತು. ಸ್ವಲ್ಪ ಹೊತ್ತಿಗೆ ತಟ್ಟೆ ಹಿಡಿದು ಅವಳೇ ಬಂದಳು, ರೊಟ್ಟಿಯಿಂದ ಹಬೆ ಏಳುತ್ತಿತ್ತು.

"ಬಿಸಿ ಇದ್ದಾಗ ತಿನ್ರಿ" ಎಂದಳು. ತಿಂದು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದಳು.

ಜುಲೈ 6, ಭಾನುವಾರ

ನಿನ್ನೆ ಸಂಜೆ ಕಟ್ಟಿಗೆಯನ್ನೆಲ್ಲ ಅಲಾಯಿ ಕುಣಿಗೆ ಸಾಗಿಸಿದರು. ಓಣಿಗೆ ಓಣಿಯೇ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿತು. ಸಾಲು ಅಡ್ಡಾದಿಡ್ಡಿಯಾಗಿತ್ತು, ನಾನು ಸರಿ ಮಾಡಿದೆ. ಶೆಡ್ಡಿನ ಮೇಲೆ ಬಿದ್ದಿದ್ದ ಆ ದೊಡ್ಡ ಕೊಂಬೆಯನ್ನು ಎತ್ತಲು ಗಂಡಸರೆಲ್ಲ ಕೈಹಚ್ಚಿದರು. ಮುಂದೆ ಅಬ್ದುಲಸಾಬ, ಹಿಂದೆ ನಾನು. ಎರಡು ಸೀಟಿ ಊದಿದೆ, ಹೊರಟಿತು.

ಬೆಂಕಿ ಚೆನ್ನಾಗಿ ಹತ್ತಿತು. ಬೇವು ಒಣಗಿ ಗರಿಗರಿಯಾಗಿತ್ತು. ತಿಂಗಳು ಬಿಸಿಲಲ್ಲಿಟ್ಟು ಕಾದದ್ದು ಯಾರು?

ಜನ ಸುತ್ತ ಕುಣಿದರು. ನಾನು ಕುಣಿಯಲಿಲ್ಲ. ಹಂಪವ್ವ ನಾನು ಕುಣಿದೆ ಎನ್ನುತ್ತಾಳೆ. ನೂಕುನುಗ್ಗಲಿನಲ್ಲಿ ಕಾಲು ಆಚೀಚೆ ಆಗಿರಬಹುದು.

ಇವತ್ತು ಮೈಯೆಲ್ಲ ನೋವು. ಹುಸೇನಬೀ ಹಬ್ಬದ ಸಿಹಿ ಚೊಂಗೆ ಕಳಿಸಿದ್ದಳು, ಬೆಲ್ಲ ಸರಿಯಾಗಿತ್ತು.

ಜುಲೈ 8, ಮಂಗಳವಾರ

ಗುಡ್ಡೆ ಹೋದ ಮೇಲೆ ಶೆಡ್ಡಿನ ಅವಸ್ಥೆ ಕಂಡಿತು. ಒಲೆಯಿದ್ದ ಜಾಗದಲ್ಲಿ ಮಣ್ಣು. ತಗಡು ಯಾರೋ ಮಡಚಿಟ್ಟ ಹಾಗೆ. ಅದರ ಮುಂದೆ ಸುಮ್ಮನೆ ಕೂತಿದ್ದೆ.

ಹೊತ್ತೇರುವ ಮೊದಲೇ ಅಬ್ದುಲಸಾಬ ಸುತ್ತಿಗೆ ಹಿಡಿದು ಬಂದ. ಹಿಂದೆ ಬಂಡಿಯವನು ಎರಡು ಕಂಬ ತಂದ. ಶಂಕ್ರಮ್ಮ ಒಲೆಗೆ ಮಣ್ಣು ಕಲಸಲು ಕೂತಳು. ಇನ್ನೂ ಯಾರ್ಯಾರೋ ಬಂದರು. ತಗಡನ್ನು ನೆಲದ ಮೇಲೆ ಹಾಸಿ ಬಡಿದು ನೇರ ಮಾಡತೊಡಗಿದರು.

"ಯಾರು ಕರೆದ್ರು ನಿಮ್ಮನ್ನ?" ಎಂದೆ.

ಅಬ್ದುಲಸಾಬ ಮೊಳೆಯನ್ನು ಬಾಯಿಂದ ತೆಗೆದ. "ಕರೀಬೇಕೇನ್ರಿ? ನಮ್ಮನಿಯಾಕಿ ಹಂಪವ್ವಕ್ಕನ ಶೆಡ್ ಏಳ್ಲಿ ಅಂತ ಕಟ್ಟಿಗಿ ಇಟ್ಟಿದ್ಲು. ಹಬ್ಬ ಮುಗೀತು, ಈಗ ಹೇಳಬೋದು. ಕಟ್ಟಿಗಿ ಕುಣಿಗೆ ಮುಟ್ಟೈತಿ. ಶೆಡ್ ಏಳಲಿಲ್ಲಂದ್ರ ದೇವರ ಹೆಸರು ಕೆಡ್ತೈತಿ."

ಅಂದರೆ ಅವತ್ತು ಆ ಮಂಚದ ಕಾಲನ್ನು ಒಯ್ಯಬಾರದೆಂದು ನಾನು ಹೊಸ ತಗಡನ್ನು ವಾಪಸು ಕಳಿಸಿದ್ದೆ. ಒಂದು ಕಂಬ ಹಿಡಿದು ನಿಂತೆ.

ಸಂಜೆಗೆ ಶೆಡ್ಡು ಎದ್ದಿತು. ಸ್ವಲ್ಪ ಓರೆಯಿದೆ. ಹಂಪವ್ವ ಎರಡು ಒಲೆ ಹಾಕಿಸಿದಳು, ಒಂದು ಹುಸೇನಬೀಗೆ. ನನ್ನನ್ನು ಯಾರೂ ಕೇಳಲಿಲ್ಲ.

ಜುಲೈ 12, ಶನಿವಾರ

ಬೆಳಿಗ್ಗೆ ರೊಟ್ಟಿಯ ಸಪ್ಪಳಕ್ಕೆ ಎಚ್ಚರವಾಯಿತು, ಗೋಡೆಯ ಈಚೆಯ ಸಪ್ಪಳ. ನಗುವೂ ಇತ್ತು. ಹಾಸಿಗೆಯಲ್ಲೇ ಸ್ವಲ್ಪ ಹೊತ್ತು ಕೇಳುತ್ತ ಮಲಗಿದ್ದೆ, ಬಹಳ ಹಿತವಾಯಿತು.

ಗಾಳಿ ಇನ್ನೂ ನಿಂತಿಲ್ಲ. ಎದ್ದು ನೋಡಿದರೆ ಹುಸೇನಬೀ ಅಂಗಳದ ತುಂಬ ನಮ್ಮ ಗಿಡದ್ದೇ ಎಲೆ, ಚಾಪೆಯ ಮೇಲೆ ಒಣಹಾಕಿದ ಶಾವಿಗೆಯಲ್ಲೆಲ್ಲ ಸೇರಿಕೊಂಡಿವೆ. ಅವಳು ನಮ್ಮ ಶೆಡ್ಡಿನಲ್ಲಿ ರೊಟ್ಟಿ ಬೇಯಿಸುತ್ತ ಕೂತಿದ್ದಾಳೆ, ಅಲ್ಲಿ ನೋಡುವವರು ಯಾರು? ನನಗೆ ಬೇರೆ ಕೆಲಸವಿರಲಿಲ್ಲ. ಕಸಬರಿಗೆ ತೆಗೆದುಕೊಂಡು ಹೋಗಿ ಅಂಗಳ ಗುಡಿಸಿದೆ, ಶಾವಿಗೆಯಲ್ಲಿ ಕೂತು ಎಲೆ ಆರಿಸಿದೆ. ಸೊಂಟ ಹಿಡಿಯುವ ಕೆಲಸ. ಆ ಕಡೆಯ ಕೊಂಬೆಯನ್ನೂ ಕಡಿಸಬೇಕು, ಹಗ್ಗ ಕಟ್ಟಿ, ನಿಧಾನಕ್ಕೆ.

ಹುಸೇನಬೀ ಗೋಡೆಯ ಮೇಲಿಂದ ನೋಡಿದಳು.

"ಅಯ್ಯ, ಇರ್ಲಿ ಬಿಡ್ರಿ ಅಣ್ಣಾ. ಗಿಡ ನಿಮ್ಮದು, ಎಲಿ ಗಾಳಿದು."

ಹಂಪವ್ವ ಶೆಡ್ಡಿನೊಳಗಿಂದ ಬಿದ್ದು ಬಿದ್ದು ನಕ್ಕಳು.

ಅದರಲ್ಲಿ ನಗುವಂಥದ್ದು ಏನಿದೆಯೋ ತಿಳಿಯದು. ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆ. ಮೊದಲು ಅಂದವನು ಯಾರೋ, ಭಾಳ ಸೊಕ್ಕಿನ ಮನುಷ್ಯನಿರಬೇಕು.